ಚಿತ್ರಶಾಲೆಯ ಬಾಗಿಲೂ ಮಾರಿಕುಪ್ಪಂ ರೈಲೂ

2020ರ ಮಾರ್ಚಿ ತಿಂಗಳಲ್ಲಿ ಕೊರೋನಾ ಬಂದಾಗ ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಬಾಗಿಲು ಹಾಕಿತು. ಕಸ್ತೂರಬಾ ರಸ್ತೆಯಲ್ಲಿ ‘ಮ್ಯಾಪ್’ ಎಂಬ ಖಾಸಗಿ ಚಿತ್ರಶಾಲೆಯ ಕಟ್ಟಡ ಸಕಾಲಕ್ಕೆ ಮುಗಿಯಲಿಲ್ಲ. ಅದನ್ನು ನಡೆಸುವವರು ಕೈಕಟ್ಟಿ ಕೂಡಲಿಲ್ಲ. ಅದೇ ವರ್ಷ ಡಿಸೆಂಬರ್ 5ರಂದು ಅಂತರ್ಜಾಲದಲ್ಲೇ ಉದ್ಘಾಟನೆ ಮಾಡಿದರು. ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಗೋಡೆಯಿಲ್ಲದ ಚಿತ್ರಶಾಲೆ. ತೀರಿಕೊಂಡ ಹುಸೇನರನ್ನು ಯಂತ್ರದೊಳಗೆ ಕೂರಿಸಿ, ಕೇಳಿದ್ದಕ್ಕೆ ಉತ್ತರವನ್ನೂ ಹೇಳಿಸಿದರು! ಕೆಲಸ ಅಚ್ಚುಕಟ್ಟಾಗಿಯೇ ನಡೆಯಿತು, ಸುಳ್ಳು ಹೇಳುವುದೇಕೆ?

ಆದರೆ ಆ ತಿಂಗಳುಗಳಲ್ಲಿ ನಾವು ಎಲ್ಲಿದ್ದೆವು? ಮಾರ್ಚಿ 22ರಿಂದ ರೈಲು ನಿಂತಿತು. ಮಾರಿಕುಪ್ಪಂ, ಛಾಂಪಿಯನ್, ಊರಿಗಾಂ, ಕೋರಮಂಡಲಗಳಲ್ಲಿ ಬೆಳಗಿನ ಜಾವ ಹತ್ತಿ ಬೆಂಗಳೂರಿನ ಕಾರ್ಖಾನೆಗೆ, ಕಾವಲು ಕೆಲಸಕ್ಕೆ ಹೋಗುತ್ತಿದ್ದವರು ಮನೆಯಲ್ಲಿ ಕುಳಿತರು. ಬಂಗಾರಪೇಟೆಯ ಸಣ್ಣ ಅಂಗಡಿಗಳಲ್ಲಿ ಸಾಲದ ಪುಸ್ತಕ ದಪ್ಪವಾಯಿತು. ಮನೆಗೊಂದು ಫೋನು, ಅದಕ್ಕೆ ಹಾಕಿಸಿದ ದುಡ್ಡು ಮಗುವಿನ ಪಾಠಕ್ಕೇ ಸಾಲದು. ಆ ಕಿಟಕಿಯಲ್ಲಿ ಇಣುಕಿದವರು ಯಾರು ಸ್ವಾಮಿ? ಬಾಗಿಲು ತೆರೆದಿದ್ದಾಗ ಒಳಗೆ ಹೋಗುತ್ತಿದ್ದವರೇ.

ಹಸಿದವನಿಗೆ ಚಿತ್ರವೇಕೆ ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳುತ್ತಾರೆ. ಅದು ಉಳ್ಳವರ ಮಾತು, ಹೇಗೋ ನಮ್ಮ ಬಾಯಿಗೂ ಬಂದಿದೆ. ಆ ಹುಸೇನರೇ ಬೊಂಬಾಯಿಯಲ್ಲಿ ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವರು. ಅವರ ಕೈಕೆಲಸವನ್ನು ಮೊದಲು ಕಂಡವರು ಬೀದಿಯಲ್ಲಿ ನಡೆಯುವ ಜನ, ಟಿಕೆಟ್ಟಿಲ್ಲದೆ. ಇಂದಿನ ಚಿತ್ರ ಅರ್ಥವಾಗುವುದಿಲ್ಲ ಎಂಬುದೂ ಒಂದು ನೆವ. ನೋಡಲು ಬಿಟ್ಟರಲ್ಲವೇ ಅರ್ಥವಾಗುವುದು! ಭಾನುವಾರ ತೆರೆದಿರುತ್ತದೆ, ಬನ್ನಿ ಎನ್ನುತ್ತಾರೆ. ವಾರದಲ್ಲಿ ಆರು ದಿನ ಅದೇ ರೈಲಿನಲ್ಲಿ ನಿಂತು ಹೋಗುವವರು ಏಳನೆಯ ದಿನವೂ ಹತ್ತಬೇಕೆ? ನೀರು ಹಿಡಿಯುವವರು ಯಾರು?

ಮುಚ್ಚುವುದೆಂದರೆ ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮೂರು ಸಾವಿರ ಮೀಟರಿಗೂ ಆಳ ಇಳಿದು ಕಲ್ಲು ಒಡೆದವರ ಮಕ್ಕಳು ನಾವು. ಚಿತ್ರಶಾಲೆ ಮುಚ್ಚಿದಾಗ ಚಿತ್ರಗಳನ್ನು ಜೋಪಾನ ಮಾಡಿ, ನೋಡುವವರನ್ನು ಹುಡುಕಿಕೊಂಡು ಹೋದರು. ಗಣಿ ಮುಚ್ಚಿದಾಗ ಗಣಿಯವರನ್ನು ಹುಡುಕಿಕೊಂಡು ಯಾರು ಬಂದರು? ಸೈನೈಡ್ ದಿಬ್ಬದ ಧೂಳು ಮಾತ್ರ ಗಾಳಿ ಬಂದಾಗಲೆಲ್ಲ ಮನೆ ಬಾಗಿಲಿಗೆ ಬರುತ್ತದೆ.

ಖಾಸಗಿಯವರನ್ನು ಕೇಳುವ ಹಕ್ಕು ನಮಗೆ ಕಡಮೆ. ಅರಮನೆ ರಸ್ತೆಯದು ಹಾಗಲ್ಲ. ಅದು ಕೇಂದ್ರ ಸರಕಾರದ್ದು. ನಮ್ಮ ಗಣಿಯೂ ಮುಚ್ಚುವಾಗ ಕೇಂದ್ರ ಸರಕಾರದ್ದೇ, ರೈಲೂ ಅದರದ್ದೇ. ಬಾಗಿಲು ಹಾಕಿದ್ದಾಗ ಚಿತ್ರಗಳು ಹೊರಗೆ ಬರಬಲ್ಲವು ಎಂದು ಗೊತ್ತಾಯಿತಲ್ಲ, ಬಾಗಿಲು ತೆರೆದಿರುವಾಗ ಏಕೆ ಬಾರವು? ಮೂಲ ಚಿತ್ರ ಕಳಿಸಿರೆಂದು ನಾವು ಹಟ ಹಿಡಿಯುವುದಿಲ್ಲ. ದೊಡ್ಡದಾಗಿ ಮುದ್ರಿಸಿದ ಪ್ರತಿ ಸಾಕು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುವ ಕಡೆ ತೂಗುಹಾಕಲಿ. ಕೆಳಗಿನ ಬರಹ ಕನ್ನಡದಲ್ಲಿರಲಿ, ತಮಿಳಿನಲ್ಲಿರಲಿ, ತೆಲುಗಿನಲ್ಲಿರಲಿ. ಚಿತ್ರ ಬರೆದವರು ತಿಂಗಳಿಗೊಮ್ಮೆ ಬಂದು, ಸಂಜೆ ಗಾಡಿ ಇಳಿದ ಮೇಲೆ ನಮ್ಮೊಡನೆ ಕೂತು ಮಾತಾಡಲಿ. ನಾವೂ ಕೇಳುತ್ತೇವೆ, ಜಗಳವನ್ನೂ ಆಡುತ್ತೇವೆ.

ಈ ಮನವಿಗೆ ಸಹಿ ಸಂಗ್ರಹ ಬಂಗಾರಪೇಟೆ ನಿಲ್ದಾಣದ ಹೊರಗೆ ಬೆಳಗಿನ ಗಾಡಿಯ ಹೊತ್ತಿನಲ್ಲಿ ನಡೆಯುತ್ತಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.