ಟಿಪ್ಪುವಿನ ಖಡ್ಗ, ಟಿಪ್ಪುವಿನ ಪುಸ್ತಕಗಳು

ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ 2023ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ನೂರ ನಲವತ್ತು ಕೋಟಿ ರೂಪಾಯಿಗೂ ಹೆಚ್ಚು. ಆ ಖಡ್ಗ ನಮ್ಮದು, ಅದು ಮರಳಿ ಬರಬೇಕು ಎಂಬ ಮಾತು ಆಗ ಮತ್ತೆ ಕೇಳಿಬಂತು. ಆದರೆ ಅದೇ ಯುದ್ಧದಲ್ಲಿ, ಅದೇ ಕೋಟೆಯೊಳಗೆ ಕೈಬದಲಾದ ಸುಮಾರು ಎರಡು ಸಾವಿರ ಪುಸ್ತಕಗಳನ್ನು ಕುರಿತು ಯಾರಾದರೂ ಅಷ್ಟೇ ಕಾವಿನಿಂದ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಕೆಲವು ವಾರಗಳಿಂದ ನಾನು 1799ರ ಮೇ 4ರ ಆ ಒಂದು ದಿನವನ್ನು ನಾಲ್ಕು ಬಗೆಯ ಪುಸ್ತಕಗಳಲ್ಲಿ ಓದುತ್ತಿದ್ದೇನೆ. ಮೊದಲನೆಯದು ಯುದ್ಧದ ಪುಸ್ತಕ. ದಂಡಿನೊಂದಿಗೇ ಇದ್ದ ಬ್ರಿಟಿಷ್ ಸೇನಾಧಿಕಾರಿ ಅಲೆಗ್ಸಾಂಡರ್ ಬೀಟ್ಸನ್ ಮರುವರ್ಷವೇ, ಅಂದರೆ 1800ರಲ್ಲಿ, ಇದನ್ನು ಪ್ರಕಟಿಸಿದ. ಇಲ್ಲಿ ಶ್ರೀರಂಗಪಟ್ಟಣ ಒಂದು ಎಂಜಿನಿಯರಿಂಗ್ ಸಮಸ್ಯೆ: ಫಿರಂಗಿಗಳನ್ನು ಎಲ್ಲಿ ಹೂಡಬೇಕು, ಗೋಡೆ ಎಲ್ಲಿ ಒಡೆಯಬೇಕು, ಮಳೆಗೆ ಕಾವೇರಿ ತುಂಬುವ ಮೊದಲು ಹೊಳೆಯನ್ನು ಹೇಗೆ ದಾಟಬೇಕು. ದಂಡಿನ ಅಕ್ಕಿ ಮುಗಿಯುತ್ತಾ ಬಂದಿತ್ತು. ಕೆಲವು ವಾರ ತಡವಾಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಟಿಪ್ಪುವಿನ ಸೇವೆಯಲ್ಲಿದ್ದ ಕಿರ್ಮಾನಿ ಫಾರಸಿಯಲ್ಲಿ ಬರೆದ ಇತಿಹಾಸಕ್ಕೆ ಬಂದರೆ ಹೊಳೆಯೂ ಅಕ್ಕಿಯೂ ಹಿಂದೆ ಸರಿದು ಮೀರ್ ಸಾದಿಕನ ದ್ರೋಹ ಮುಂದೆ ಬರುತ್ತದೆ. ನಮ್ಮ ಜನಮನದಲ್ಲಿ ಉಳಿದಿರುವುದು ಈ ಎರಡನೆಯದೇ. ದ್ರೋಹಿಯೊಬ್ಬ ದೊರೆತರೆ ಸೋಲನ್ನು ಅರ್ಥಮಾಡಿಕೊಳ್ಳುವ ಕಷ್ಟ ತಪ್ಪುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಮೂರನೆಯ ಬಗೆಯ, ಸಂಗ್ರಹದ ಪುಸ್ತಕ. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ 1809ರಲ್ಲಿ ಟಿಪ್ಪುವಿನ ಗ್ರಂಥಾಲಯದ ವಿವರಣಾತ್ಮಕ ಸೂಚಿಯೊಂದನ್ನು ಮುದ್ರಿಸಿದ. ಇತಿಹಾಸ, ಸೂಫಿ ಗ್ರಂಥಗಳು, ಧರ್ಮಶಾಸ್ತ್ರ, ವೈದ್ಯ, ಫಾರಸಿ ಕಾವ್ಯ, ದಖನಿ ಕಾವ್ಯ ಎಲ್ಲವೂ ಅದರಲ್ಲಿವೆ. ಒಣ ಪಟ್ಟಿ ಎಂದುಕೊಂಡು ತೆರೆದ ನನಗೆ ಅದರ ಪೀಠಿಕೆಯಲ್ಲೇ ಒಂದು ಸಂಗತಿ ಎದುರಾಯಿತು. ಈ ಪುಸ್ತಕಗಳಲ್ಲಿ ಹೈದರನಾಗಲಿ ಟಿಪ್ಪುವಾಗಲಿ ಹಣ ಕೊಟ್ಟು ಕೊಂಡವು ತೀರಾ ಕಡಿಮೆ. ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ಪ್ರಾಂತಗಳಿಂದ ಲೂಟಿಯಾಗಿ ಬಂದವು ಎನ್ನುತ್ತಾನೆ ಸ್ಟೂವರ್ಟ್. ಟಿಪ್ಪು ಅವುಗಳಲ್ಲಿ ಹಲವಕ್ಕೆ ಹೊಸ ರಟ್ಟು ಕಟ್ಟಿಸಿ ತನ್ನ ಸರ್ಕಾರದ ಮುದ್ರೆ ಒತ್ತಿಸಿದ. ಆಮೇಲೆ ಕಂಪನಿ ಅವನ್ನು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಇಂಗ್ಲೆಂಡಿಗೂ ಹಂಚಿತು.

ಅಂದರೆ ನಾವು ನಮ್ಮದೆನ್ನುವ ಪುಸ್ತಕವೊಂದರ ಮೇಲೆ ಸವಣೂರಿನ ನವಾಬನ ಹಕ್ಕೂ ಇರಬಹುದು. ಗೆದ್ದ ಕಂಪನಿಯ ಕಡೆಯ ಸ್ಟೂವರ್ಟ್ ಸೋತವನ ಬಗ್ಗೆ ಹೀಗೆ ಬರೆಯಲು ಕಾರಣಗಳಿದ್ದವು, ನಿಜ. ಆದರೆ ಅವನ ಮಾತನ್ನು ಒಪ್ಪಲೂ ತಳ್ಳಲೂ ನಾವು ಆ ಪುಸ್ತಕಗಳನ್ನೇ ಬಿಚ್ಚಿ, ಹಳೆಯ ಒಡೆಯರ ಮುದ್ರೆಗಳನ್ನು ನೋಡಬೇಕು. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿ 2019ರಲ್ಲಿ ಕೈಬಿಡುವವರೆಗೆ ವರ್ಷವರ್ಷವೂ ನಡೆದ ಕೂಗಾಟದಲ್ಲಿ ಎರಡೂ ಕಡೆಯವರಿಗೆ ಈ ಪುಸ್ತಕಗಳ ನೆನಪಾದಂತೆ ಕಾಣಲಿಲ್ಲ.

ಇನ್ನು ನಾಲ್ಕನೆಯದು ಕಾದಂಬರಿ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ಶುರುವಾಗುವುದೇ ಶ್ರೀರಂಗಪಟ್ಟಣದ ಲಗ್ಗೆಯಿಂದ. ಬ್ರಿಟಿಷ್ ಅಧಿಕಾರಿಯೊಬ್ಬ ಅರಮನೆಯ ಶಸ್ತ್ರಾಗಾರದಲ್ಲಿ ಕೊಲೆ ಮಾಡಿ ವಜ್ರವೊಂದನ್ನು ಕದಿಯುತ್ತಾನೆ. ಆ ವಜ್ರವಾದರೂ ಟಿಪ್ಪುವಿನದಲ್ಲ, ಸೋಮನಾಥದ ದೇವರದು. ಲೂಟಿಯ ಮೇಲೆ ಲೂಟಿ ಎಂಬ ಸತ್ಯ ಇಂಗ್ಲಿಷ್ ಕಾದಂಬರಿಕಾರನಿಗೆ ಆಗಲೇ ಹೊಳೆದಿತ್ತು. ಕಥೆಯ ಕೊನೆಗೆ ವಜ್ರ ಸೋಮನಾಥಕ್ಕೆ ಮರಳುತ್ತದೆ. ನಿಜಜೀವನದಲ್ಲಿ ಟಿಪ್ಪುವಿನ ಸಿಂಹಾಸನವನ್ನು ತುಂಡರಿಸಿದರು. ಅದರ ಹುಲಿಯ ತಲೆ ವಿಂಡ್ಸರ್ ಅರಮನೆ ಸೇರಿತು. ಯಾಂತ್ರಿಕ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಟಿಪ್ಪು ಸ್ವಹಸ್ತದಿಂದ ಬರೆದಿಟ್ಟ ಕನಸುಗಳ ಪುಸ್ತಕವೂ ಆ ನಗರದಲ್ಲೇ, ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಿಂದ ಗಿರೀಶ ಕಾರ್ನಾಡರು ಒಂದು ನಾಟಕವನ್ನೇ ಕಟ್ಟಿದರು. ಒಂದು ಕೈಬರಹಕ್ಕೆ ಇಷ್ಟು ಶಕ್ತಿಯಿದ್ದರೆ ಉಳಿದವುಗಳಲ್ಲಿ ಏನೇನಿದೆಯೋ.

ಇದು ಆಗದ ಕೆಲಸವೇನಲ್ಲ. ಅದೇ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ ಕಾಲಿನ್ ಮೆಕೆಂಜಿ ಆನಂತರ ಮೈಸೂರು ಸೀಮೆಯ ಸರ್ವೇಕ್ಷಣೆಗೆ ತೊಡಗಿ, ದೇಶೀ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು ಬರೆಸಿ ತರಿಸಿದ. ಅವು ಚೆನ್ನೈಯಲ್ಲೂ ಲಂಡನ್ನಿನಲ್ಲೂ ಹಂಚಿಹೋಗಿದ್ದರೂ ಎಂ.ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಮೂಲ ಪ್ರತಿಗಳು ಇದ್ದಲ್ಲೇ ಇದ್ದವು. ನಮಗೆ ಬೇಕಾದ ಓದು ನಮಗೆ ದಕ್ಕಿತು.

ಟಿಪ್ಪುವಿನ ಗ್ರಂಥಾಲಯಕ್ಕೂ ಇಂಥದೇ ಏರ್ಪಾಡು ಬೇಕು. ಮೊದಲು ಸ್ಟೂವರ್ಟನ ಸೂಚಿ ಕನ್ನಡಕ್ಕೆ ಬರಲಿ. ಎರಡನೆಯದಾಗಿ, ಯಾವ ಪುಸ್ತಕ ಈಗ ಯಾವ ಗ್ರಂಥಾಲಯದ ಯಾವ ಸಂಖ್ಯೆಯಲ್ಲಿದೆ ಎಂಬ ಪಟ್ಟಿಯಾಗಲಿ. ಪುಟಗಳ ಛಾಯಾಪ್ರತಿಗೆ ಹರಾಜಿನ ಹಣ ಬೇಕಿಲ್ಲ. ಕಷ್ಟವಿರುವುದು ಮೂರನೆಯ ಹೆಜ್ಜೆಯಲ್ಲಿ. ಫಾರಸಿ ಓದಿ ಕನ್ನಡದಲ್ಲಿ ಬರೆಯಬಲ್ಲ ಎಳೆಯ ಇತಿಹಾಸಕಾರರು ನಮ್ಮಲ್ಲಿ ಎಷ್ಟು ಮಂದಿ? ಅಂಥ ನಾಲ್ಕಾರು ಮಂದಿಗೆ ಐದು ವರ್ಷದ ವೇತನ ಕೊಡುವುದು ರಾಜ್ಯದ ಬಜೆಟ್ಟಿನಲ್ಲಿ ಲೆಕ್ಕಕ್ಕೂ ಬಾರದ ಮೊತ್ತ. ಅವರು ಸವಣೂರಿನ ಮುದ್ರೆಯಿರುವ ಪುಸ್ತಕಗಳಿಂದಲೇ ಕೆಲಸ ಶುರುಮಾಡಲಿ.