ಹುಡುಗರನ್ನು ಆಟಕ್ಕೆ ಬಿಟ್ಟು ಆರೋಗ್ಯದ ಪಾಠ ಮಾಡಬೇಡಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ನಾನು ಕಂಡ ಹಳ್ಳಿಯ ಪ್ರೌಢಶಾಲೆಗಳಲ್ಲಿ ಹದಿಹರೆಯದ ಆರೋಗ್ಯ ಶಿಕ್ಷಣ ಎಂದರೆ ವರ್ಷಕ್ಕೊಂದು ಕಾರ್ಯಕ್ರಮ. ಬ್ಯಾನರ್ ಕಟ್ಟಿ, ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂಡಿಸಿ, ಮುಟ್ಟಿನ ಬಗ್ಗೆ ಅರ್ಧ ತಾಸು ಹೇಳುತ್ತಾರೆ. ಹುಡುಗರನ್ನು ಆಟಕ್ಕೆ ಬಿಡುತ್ತಾರೆ. ಫೋಟೊ ತೆಗೆದ ಮೇಲೆ ಮುಂದಿನ ವರ್ಷದವರೆಗೆ ಆ ಮಾತೇ ಇಲ್ಲ. ಇದಕ್ಕೆ ನನ್ನ ತಕರಾರಿದೆ.

ಯೋಜನೆಗಳಿಗೆ ಕೊರತೆಯಿಲ್ಲ. 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 2020ರಲ್ಲಿ ಶಾಲೆಗಿಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಮಾಡುವ ಕಾರ್ಯಕ್ರಮ ಬಂತು. 8ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠವೇ ಇದೆ. ಆ ಪಾಠ ಬಂದಾಗ 'ಮನ್ಯಾಗ ಓದ್ಕೊಳ್ರಿ' ಎಂದು ಪುಟ ತಿರುವಿಬಿಟ್ಟರೆ ಮಕ್ಕಳು ಯಾರನ್ನು ಕೇಳಬೇಕು?

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನೇ ನೋಡಿ. ಯಾಕೆ ಕೊಡುತ್ತಾರೆಂದು ಹೇಳುವವರಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದ ಹುಡುಗಿಗೆ ವಾಕರಿಕೆ ಬರುತ್ತದೆ, ಮಲ ಕಪ್ಪಾದರೆ ಹೆದರುತ್ತಾಳೆ. 'ಈ ಗುಳಿಗಿ ತಿಂದ್ರ ಮುಂದ ಮಕ್ಕಳಾಗಂಗಿಲ್ಲ' ಎಂಬ ಸುದ್ದಿ ಓಣಿಯಲ್ಲಿ ಹಬ್ಬುತ್ತದೆ. ಆಮೇಲೆ ಮಾತ್ರೆ ಹೋಗುವುದು ಕಿಟಕಿಯ ಆಚೆಗೆ. ಊಟವಾದ ಮೇಲೆ ನುಂಗಬೇಕು, ಬೆನ್ನಿಗೇ ಚಹಾ ಕುಡಿಯಬಾರದು, ಮಲ ಕಪ್ಪಾದರೆ ಗಾಬರಿ ಬೇಡ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆ ಐದು ನಿಮಿಷ ಇಲ್ಲವೆಂದರೆ ಹೇಗೆ?

ಹುಡುಗರ ಸ್ಥಿತಿ ಇನ್ನೂ ಕಷ್ಟ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗೋಡೆಗೆ ಅಂಟಿಸಿದ 'ಗುಪ್ತರೋಗ' ಜಾಹೀರಾತು, ಕೈಯಲ್ಲಿನ ಮೊಬೈಲು, ಇವೇ ಅವರ ಗುರುಗಳು. ಅಕ್ಕತಂಗಿಯರ ಮುಟ್ಟನ್ನು ಗೇಲಿ ಮಾಡಬಾರದೆಂಬುದನ್ನು ಅವರು ಯಾವ ಮೈದಾನದಲ್ಲಿ ಕಲಿಯಬೇಕು?

'ಇಂಥದ್ದು ಹೇಳಿದರೆ ಮಕ್ಕಳು ಕೆಡುತ್ತಾರೆ' ಎನ್ನುವ ಹಿರಿಯರಿದ್ದಾರೆ. 2007ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ ರಾಜ್ಯದಲ್ಲಿ ತಡೆ ಬಿದ್ದಾಗಲೂ ಇಂಥದೇ ಮಾತು ಕೇಳಿತ್ತು. ಅಂದು ಶಾಲೆಯಲ್ಲಿದ್ದವರು ಇಂದು ತಂದೆತಾಯಿಯರು, ತಮಗೆ ಯಾರೂ ಹೇಳದ್ದನ್ನು ಅವರು ಮಕ್ಕಳಿಗೆ ಹೇಗೆ ಹೇಳಿಯಾರು? ಮೇಲಿನ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಾವು ಸುಮ್ಮನಿದ್ದರೂ ಮಕ್ಕಳೇನೂ ಸುರಕ್ಷಿತವಾಗಿ ಉಳಿದಿಲ್ಲ.

ಶಿಕ್ಷಣ ಇಲಾಖೆ 8, 9, 10ನೇ ತರಗತಿಗಳ ವೇಳಾಪಟ್ಟಿಯಲ್ಲಿ ಹದಿಹರೆಯದ ಆರೋಗ್ಯ ಶಿಕ್ಷಣಕ್ಕೆಂದೇ ವಾರಕ್ಕೊಂದು ಪಿರಿಯಡ್ ಇಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಿಂಗಳಿಗೊಮ್ಮೆಯಾದರೂ ನರ್ಸ್ ಬರಲಿ. ಪಾಠ ಹುಡುಗ ಹುಡುಗಿಯರಿಬ್ಬರಿಗೂ ಆಗಲಿ. ಹೆಸರು ಬರೆಯದೆ ಪ್ರಶ್ನೆ ಹಾಕಲು ಪೆಟ್ಟಿಗೆ ಇರಲಿ, 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲಿರಲಿ. ಹತ್ತಿ ಬಿಡಿಸುವ ಕಾಲ ಬಂದರೆ ಎಷ್ಟೋ ಹುಡುಗಿಯರು ಹೊಲಕ್ಕೆ ಹೋಗುತ್ತಾರೆ. ಆದ್ದರಿಂದ ಮುಖ್ಯ ಪಾಠಗಳು ದಸರಾ ರಜೆಗೆ ಮೊದಲೇ ಮುಗಿಯಬೇಕು.

– ನಿವೃತ್ತ ಶಿಕ್ಷಕಿ, ಲಿಂಗಸುಗೂರು