ಹನ್ನೊಂದು ಜಾಗ ಬೇಡ, ಮೂರು ಊರು ಸಾಕು

ಆರು ವರ್ಷದ ಹಿಂದೆ ಕಲಬುರಗಿ ಕಡೆಯ ಸುಲೇಪೇಟದಿಂದ ನಾವು ಹದಿನಾಲ್ಕು ಜನ ಟೆಂಪೊ ಟ್ರಾವೆಲರ್ ಮಾಡಿಕೊಂಡು ಕರಾವಳಿಗೆ ಹೋಗಿದ್ದೆವು. ನಾಲ್ಕು ದಿನ, ಹನ್ನೊಂದು ಜಾಗ. ಪಟ್ಟಿ ಬರೆದವನು ನಾನೇ. ಗೋಕರ್ಣದಲ್ಲಿ ದರ್ಶನಕ್ಕೆ ತಡವಾಯಿತು, ಮುರ್ಡೇಶ್ವರದಲ್ಲಿ ಊಟಕ್ಕೆ ತಡವಾಯಿತು, ಮರವಂತೆ ಮುಟ್ಟುವಾಗ ರಾತ್ರಿ ಒಂಬತ್ತು ದಾಟಿತ್ತು. ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಟ್ಟನಡುವೆ ಹೆದ್ದಾರಿ ಎಂದು ಅವ್ವನಿಗೆ ಹೊರಡುವ ಮೊದಲೇ ಹತ್ತು ಸಲ ಹೇಳಿದ್ದೆ. ಆಕೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಗಾಡಿ ನಿಂತಾಗ ಎಚ್ಚರಾಗಿ, ‘ಏನ್ ಸಪ್ಪಳೋ ಇದು? ಮಳಿ ಬರ್ಲಾಕತ್ತದೇನು?’ ಎಂದು ಕೇಳಿದಳು. ‘ಸಮುದ್ರ ಅವ್ವಾ’ ಎಂದೆ. ಹೊರಗೆ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಐದು ನಿಮಿಷಕ್ಕೆ ಗಾಡಿ ಹೊರಟಿತು.

ಆ ಐದು ನಿಮಿಷ ನನ್ನ ಮನಸ್ಸಿನಿಂದ ಹೋಗಿಲ್ಲ. ಬರುವ ಎಳ್ಳಮಾಸಿ ಕಳೆದು, ತೊಗರಿ ರಾಶಿ ಮುಗಿದ ಮೇಲೆ ಮತ್ತೆ ಹೊರಡುವವರಿದ್ದೇವೆ. ಈ ಸಲ ಪಟ್ಟಿಯನ್ನು ಬೇರೆ ಥರ ಬರೆದಿದ್ದೇನೆ. ಕಾರವಾರ, ಕುಂದಾಪುರ, ಮಂಗಳೂರು. ಒಂದೊಂದು ಊರಿನಲ್ಲಿ ಎರಡೆರಡು ರಾತ್ರಿ ವಸ್ತಿ. ನಮ್ಮ ಭಾಗದಿಂದ ಕರಾವಳಿಗೆ ಹೊರಡುವವರೆಲ್ಲ ಹೀಗೇ ಮಾಡಬೇಕೆಂದು ನನ್ನ ವಿನಂತಿ.

ಮೊದಲ ಕಾರಣ ದೂರ. ನಮಗೆ ಕಡಲು ಪಕ್ಕದ ಊರಲ್ಲ. ಕಲಬುರಗಿ ದಾಟಿ ವಿಜಯಪುರ ಮುಟ್ಟಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಹೆದ್ದಾರಿ 66ಕ್ಕೆ ಸೇರುತ್ತೇವೆ. ಇದನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಬೇಡ. ಚಾಲಕನೂ ಮನುಷ್ಯ. ಹುಬ್ಬಳ್ಳಿಯಲ್ಲಿ ಮಲಗಿ, ಘಟ್ಟವನ್ನು ಹಗಲಲ್ಲಿ ಇಳಿಯಿರಿ. ಘಟ್ಟದ ಮೇಲಿಂದ ಕಡಲತಡಿಗೆ ಬರುವ ಆ ದಾರಿಯೇ ಅರ್ಧ ಪ್ರವಾಸ.

ಎರಡನೆಯದು ಕಾಲ. ಮಳೆಗಾಲದಲ್ಲಿ ಹೆದ್ದಾರಿ 66ಕ್ಕೆ ಹೋಗಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯವರೂ ಅಲ್ಲಿ ಲಾರಿ ನಿಲ್ಲಿಸಿದ್ದವರೂ ಗಂಗಾವಳಿ ನದಿಯ ಪಾಲಾದರು. ಮೂರು ವಾರ ಕಳೆದು ಆಗಸ್ಟ್ 7ರಂದು ನಡುರಾತ್ರಿ ದಾಟಿದ ಹೊತ್ತಿಗೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಕಡಲು ನೋಡುವ ಆಸೆ ಅಕ್ಟೋಬರ್‌ ತನಕ ತಡೆದುಕೊಳ್ಳಬಹುದು.

ಮೂರನೆಯದನ್ನು ನಿವೃತ್ತ ಮಾಸ್ತರನಾಗಿ ಹೇಳುತ್ತೇನೆ. ಶಾಲಾ ಪ್ರವಾಸದ ಪಟ್ಟಿಗಳನ್ನೂ ನಾವು ಹೀಗೇ ತುಂಬುತ್ತಿದ್ದೆವು. ರಾತ್ರಿಯೆಲ್ಲ ಬಸ್ಸು, ಹಗಲೆಲ್ಲ ತೂಕಡಿಕೆ, ಕಡಲು ಕಂಡ ಕೂಡಲೇ ಮಕ್ಕಳು ಓಡುವುದು. ನಮ್ಮ ಮಕ್ಕಳಿಗೆ ಬಾವಿ ಗೊತ್ತು, ಕಾಗಿಣಾ ಹೊಳೆ ಗೊತ್ತು, ತೆರೆ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳನ್ನು ಕಡಲಿಗೆ ಒಯ್ಯುವವರು ಮೊದಲು ದಂಡೆಯ ಮೇಲೆ ಕೂಡಿಸಿ, ತೆರೆ ಹೇಗೆ ಕಾಲ ಕೆಳಗಿನ ಮರಳನ್ನು ಎಳೆಯುತ್ತದೆ ಎಂದು ಅಲ್ಲಿನ ಮೀನುಗಾರರಿಂದಲೋ ಜೀವರಕ್ಷಕರಿಂದಲೋ ಹೇಳಿಸಬೇಕು. ಅದಕ್ಕೆ ಪುರಸೊತ್ತು ಬೇಕು.

ನಿಧಾನವಾದರೆ ಊರುಗಳೂ ಕಾಣುತ್ತವೆ. ಕಾರವಾರದ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರೇಕೆ? 1883ರಲ್ಲಿ ಅವರ ಅಣ್ಣ ಅಲ್ಲಿ ನ್ಯಾಯಾಧೀಶರಾಗಿದ್ದರು, ತರುಣ ರವೀಂದ್ರರು ಅವರ ಮನೆಯಲ್ಲಿದ್ದು ಒಂದು ನಾಟಕ ಬರೆದರು. ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು. ಮಂಗಳೂರಿಗೆ ಹೋದರೆ ಹಳೆಯ ಮುದ್ರಣಾಲಯದ ಬಲ್ಮಠಕ್ಕೂ ಹೋಗಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದದ್ದು ಆ ಊರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ನಾವು ಹೊರಡುವ ದಾರಿಯಲ್ಲಿ, ಸೇಡಂ ದಾಟಿದ ಮೇಲೆ, ಮಳಖೇಡ ಸಿಗುತ್ತದೆ. ಅದು ಅಮೋಘವರ್ಷನ ಮಾನ್ಯಖೇಟ. ಇಂದು ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಒಂದು ವಾರದಲ್ಲಿ ಆ ಓಲೆಗರಿಯ ಊರಿನಿಂದ ಮೊದಲ ಪತ್ರಿಕೆಯ ಊರಿನ ತನಕ ಹೋಗುವ ಭಾಗ್ಯ ನಮ್ಮ ಸೀಮೆಯವರಿಗಿದೆ. ನಮ್ಮ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು, ಅವರ ಮನೆಗಳ ಸೂರಿಗೆ ಮಂಗಳೂರು ಹೆಂಚು. ಎರಡನ್ನೂ ಒಂದೇ ಪ್ರವಾಸದಲ್ಲಿ ಮುಟ್ಟಿ ನೋಡಬಹುದು.

ಇನ್ನೊಂದು ಮಾತು. ನಮ್ಮ ಕಡೆಯ ಗಾಡಿಗಳಲ್ಲಿ ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ, ಅಡುಗೆಯವನು ಎಲ್ಲ ಬರುತ್ತವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡು ದಿನಕ್ಕೆ ಕಟ್ಟಿಕೊಳ್ಳಿ, ತಪ್ಪಿಲ್ಲ. ಆಮೇಲೆ ಅಲ್ಲಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಉಣ್ಣಿ, ನೀರುದೋಸೆ ತಿನ್ನಿ, ತಿನ್ನುವವರು ಬಂಗಡೆ ಹುರಿಸಿಕೊಳ್ಳಿ. ಊರಿನವರ ಕೈಗೆ ನಾಲ್ಕು ದುಡ್ಡು ಸೇರಲಿ, ನಾಲ್ಕು ಮಾತೂ ಆಗಲಿ. ಅವರ ದಂಡೆಯಲ್ಲಿ ನಮ್ಮ ಎಂಜಲು ತಟ್ಟೆ ಬಿಟ್ಟು ಬರುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಅವ್ವನಿಗೆ ಈಗ ಎಂಬತ್ತೆರಡು. ಮೊಣಕಾಲು ನೋವು, ತಾಸಿಗೊಮ್ಮೆ ಗಾಡಿ ನಿಲ್ಲಿಸಬೇಕು. ಹಾಗಾಗಿ ಅವಳ ಕಾಲಿನ ಲೆಕ್ಕದಲ್ಲೇ ಹಾಳೆ ಬರೆದಿದ್ದೇನೆ. ಕಾರವಾರ ಬಿಡುವ ದಿನಕ್ಕೆ ಅದರಲ್ಲಿ ಒಂದೇ ಸಾಲಿದೆ: ‘ಮರವಂತೆ, ಸಂಜೆ ನಾಲ್ಕರಿಂದ ಹೊತ್ತು ಮುಳುಗುವ ತನಕ.’ ವಸ್ತಿ ಹತ್ತಿರದ ಕುಂದಾಪುರದಲ್ಲೇ. ಮಡಚುವ ಕುರ್ಚಿಯೊಂದನ್ನು ತಂದಿಟ್ಟಿದ್ದೇನೆ.